ಮೋತಿಯನ್ನು ಇನ್ನೂ ಬಿಚ್ಚಿಲ್ಲ

ವಿಜಯಪುರ,
ವೈಶಾಖದ ನಲವತ್ತೊಂದನೆಯ ದಿನ, ೨೩೧೪

ರುಬೀನಾ ಅಕ್ಕನವರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ಬೇಸಿಗೆ ಹಿಗ್ಗಿದ ಮೇಲೆ ನಮ್ಮವರು ವೈಶಾಖವನ್ನೂ ಹಿಗ್ಗಿಸಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮೆಯಿರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಆಟಗಳ ಒಳಗಿನ ಮಾತುಗಳಿಂದ. ಲೆಕ್ಕಕ್ಕೆ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿಗೂ ಹಿರಿಯರು, ನಿಮ್ಮ ಜಾಲಪುಟದಲ್ಲಿರುವ ಚಿತ್ರದಲ್ಲಿ ನನಗಿಂತ ಚಿಕ್ಕವರು. ಹೀಗಾಗಿ ನಡುವಿನ ದಾರಿ ಹಿಡಿದು ಅಕ್ಕ ಎಂದಿದ್ದೇನೆ.

ನೀವೊಬ್ಬರೇ ಕೂತು ಮಾಡುತ್ತಿರುವ ‘ಕಡೇ ಟಾಂಗಾ’ ಎಂಬ ವಿಡಿಯೋ ಗೇಮಿನ ಪುಟದಲ್ಲಿ ಒಂದು ಸಂಜೆ ಹೀಗೆ ಬರೆದಿರಿ: “ಯಾರಾದರೂ ಕಾಯುತ್ತಿದ್ದೀರಾ?” ಅದರ ಕೆಳಗೆ ಯಾರೂ ಏನೂ ಬರೆಯಲಿಲ್ಲ. ಆಮೇಲೆ ನೀವೂ ಏನೂ ಬರೆಯಲಿಲ್ಲ. ಆ ಪ್ರಶ್ನೆಗೆ ಈ ಓಲೆ ಉತ್ತರ. ತಡವಾಯಿತು, ನಿಜ. ಹೌದು ಅಕ್ಕಾ, ಕಾಯುತ್ತಿದ್ದೇವೆ.

ನಾನು ಮಂಜರಿ, ವೃತ್ತಿಯಿಂದ ಹುಡುಕಾಳು. ಹಾಗೆಂದರೆ ನಿಮ್ಮ ಕಾಲದ ಹಾಳುಬಿದ್ದ ಸರ್ವರ್‌ಗಳನ್ನು ಕೆದಕಿ, ಒಬ್ಬಿಬ್ಬರು ಸೇರಿ ಮಾಡಿದ ಸಣ್ಣ ಆಟಗಳನ್ನು ಹೊರತೆಗೆದು, ಧೂಳು ಕೊಡವಿ, ಮತ್ತೆ ಓಡುವಂತೆ ಮಾಡುವವಳು. ನಮ್ಮಲ್ಲಿ ಆಟಗಳಿಗೇನು ಬರವಿಲ್ಲ. ಮನಸೊಪ್ಪಾಟ ಎಂಬುದೊಂದಿದೆ, ನಿಮಗೇನು ಬೇಕೆಂದು ನಿಮಗೇ ಗೊತ್ತಾಗುವ ಮೊದಲು ಯಂತ್ರ ಅದನ್ನು ತಿಳಿದು, ನಿಮಗೊಬ್ಬರಿಗಾಗಿಯೇ ಒಂದು ಆಟ ಕಟ್ಟಿ ಮುಂದಿಡುತ್ತದೆ. ಮೊದಮೊದಲು ಜನ ಅದರಲ್ಲೇ ಮುಳುಗಿದ್ದರು. ಆದರೆ ಒಬ್ಬರ ಆಟ ಇನ್ನೊಬ್ಬರಿಗಿಲ್ಲ, “ನೀ ಎಲ್ಲೀತನಕಾ ಬಂದಿ?” ಎಂದು ಗೆಳತಿಯನ್ನು ಕೇಳುವಂತಿಲ್ಲ. ಬರೀ ಸಿಹಿ ತಿಂದರೆ ನಾಲಗೆ ಎಷ್ಟು ದಿನ ತಡೆದೀತು? ಅದಕ್ಕೇ ಈಗ ಪ್ರತಿ ಗುರುವಾರ ಸಂಜೆ ನಮ್ಮ ಓಣಿಯವರು ಬೇವಿನ ಮರದ ಕೆಳಗಿನ ಕಟ್ಟೆಗೆ ಸೇರುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ ಬರುತ್ತವೆ. ನಾನು ಆ ವಾರ ಸಿಕ್ಕಿದ ಹೊಸ ಆಟವನ್ನು, ಅಂದರೆ ನಿಮ್ಮ ಕಾಲದ ಹಳೆಯ ಆಟವನ್ನು, ತೆರೆಯುತ್ತೇನೆ. ಆಡುವವರು ಒಬ್ಬರು, ಬುದ್ಧಿ ಹೇಳುವವರು ಹತ್ತು ಮಂದಿ. ಗುರುತಿಲ್ಲದ ಯಾರೋ ಒಬ್ಬರು ನಮ್ಮ ಇಷ್ಟ ಕಷ್ಟ ಏನೂ ತಿಳಿಯದೆ, ತಮಗೆ ಕಂಡದ್ದನ್ನು ಕಂಡಂತೆ ಮಾಡಿಟ್ಟಿದ್ದಾರೆ ಎಂಬುದೇ ಅಲ್ಲಿನ ಸುಖ.

‘ಕಡೇ ಟಾಂಗಾ’ವನ್ನು ಹುಡುಕಿದವಳು ನಾನಲ್ಲ, ನನ್ನ ಅಜ್ಜಿ ಸಾವಂತ್ರೆವ್ವ. ನಾವು ಆಯಿ ಎನ್ನುತ್ತೇವೆ. ಅವಳೂ ಹುಡುಕಾಳು, ಹರೆಯದಲ್ಲಿ ನಿಮ್ಮ ಪುಟವೂ ಆಟದ ಮಾದರಿ ತುಣುಕೂ ಅವಳ ಕೈಗೆ ಸಿಕ್ಕವು. ಟಾಂಗಾ ಎಂದರೇನೆಂದು ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಕುದುರೆ ಎಳೆಯುತ್ತದೆ, ಮನುಷ್ಯ ಅದರ ಜೊತೆ ಮಾತಾಡುತ್ತಾನೆ ಎಂಬುದನ್ನು ನಾವು ನಿಮ್ಮಿಂದಲೇ ಕಲಿತೆವು. ಮುದುಕ ಬಂದಗೀಸಾಬ, ಅವನ ಕುದುರೆ ಮೋತಿ, ಊರಿನ ಬೀದಿಗಳು, ಸಂಜೆಯ ಬಿಸಿಲು, ಹಿಂದೆ ಗುಮ್ಮಟ. ಕೊನೆಗೆ ಒಬ್ಬ ಹೆಂಗಸು ಬಟ್ಟೆ ಮುಚ್ಚಿದ ಬುಟ್ಟಿ ಹಿಡಿದು ಟಾಂಗಾ ಹತ್ತಿ, “ಲಗೂ ನಡೀರಿ ಚಾಚಾ, ದಾರಿ ಕಾಯಾಕತ್ತಿರ್ತಾರ” ಎನ್ನುತ್ತಾಳೆ. ಅಲ್ಲಿಗೆ ಎಲ್ಲ ನಿಲ್ಲುತ್ತದೆ. ‘ಪೂರ್ತಿ ಆಟ ಶೀಘ್ರದಲ್ಲೇ ಬರಲಿದೆ’ ಎಂಬ ಸಾಲು ಮೂಡುತ್ತದೆ. ಮೋತಿ ಮಾತ್ರ ನಿಂತಲ್ಲೇ ಕಿವಿ ಅಲ್ಲಾಡಿಸುತ್ತ, ನೆಲ ಕೆರೆಯುತ್ತ ಇರುತ್ತದೆ.

ನಾವು ಆ ಸಾಲನ್ನು ನಂಬಿದೆವು. ಬೇಳೆ ಬೇಯುವುದು ತಡವಾದರೆ “ರುಬೀನಾನ ಟಾಂಗಾ ಬಂದಂಗ ಬರ್ತೈತಿ, ತಡಿ” ಎನ್ನುವುದು ನಮ್ಮ ಓಣಿಯಲ್ಲಿ ಗಾದೆಯೇ ಆಗಿದೆ, ಕೋಪ ಮಾಡಿಕೊಳ್ಳಬೇಡಿ. ಬುಟ್ಟಿಯಲ್ಲಿ ಏನಿದೆ ಎಂಬ ಜಗಳದಲ್ಲಿ ಎರಡು ಮನೆಯವರು ಒಂದು ಹಬ್ಬ ಕಳೆಯುವವರೆಗೆ ಮಾತು ಬಿಟ್ಟಿದ್ದರು. ಆಯಿಯ ಪ್ರಕಾರ ಅದರಲ್ಲಿ ಮರಿಗಳ ಸಮೇತ ಕೋಳಿಯಿದೆ. ಅವಳ ತೊಂಬತ್ತನೆಯ ಹುಟ್ಟುಹಬ್ಬಕ್ಕೆ ಚಿಕ್ಕಪ್ಪ ಯಂತ್ರಕ್ಕೆ ಹೇಳಿ ಆಟದ ಉಳಿದ ಭಾಗ ಮಾಡಿಸಿದ. ಬಟ್ಟೆ ಸರಿಸಿದರೆ ಕೋಳಿ, ಸುತ್ತ ಮರಿಗಳು. ಆಯಿ ಕೊನೆಯತನಕ ಆಡಿ, ಮಗನ ಗಲ್ಲ ಸವರಿ, “ಭಾಳ ಚಂದ ಐತಿ ತಮ್ಮಾ. ಆದ್ರ ಇದು ನಾ ಅಂದ್ಕೊಂಡಿದ್ದು. ಆಕಿ ಅಂದ್ಕೊಂಡಿದ್ದು ಏನಿತ್ತು?” ಎಂದಳು. ಚಿಕ್ಕಪ್ಪನ ಮುಖ ಸಣ್ಣದಾಯಿತು.

ಈಗ ಆಯಿ ಹಾಸಿಗೆ ಹಿಡಿದಿದ್ದಾಳೆ. ವೈದ್ಯರು ಹೆಚ್ಚು ದಿನ ಹೇಳಿಲ್ಲ. ಹಿಂದೋಲೆ ಎಂಬ ಏರ್ಪಾಡು ನಮ್ಮಲ್ಲಿದೆ. ಒಂದು ಮನೆತನದವರು ಒಂದೇ ಒಂದು ಸಲ, ಹಿಂದಿನ ಕಾಲದ ಒಬ್ಬರಿಗೆ ಓಲೆ ಕಳಿಸಬಹುದು. ಎಲ್ಲರೂ ತಮ್ಮ ಹಿರಿಯರಿಗೇ ಬರೆಯುತ್ತಾರೆ, ಆ ಹೊಲ ಮಾರಬೇಡಿ, ಈ ಜ್ವರಕ್ಕೆ ಅಸಡ್ಡೆ ಮಾಡಬೇಡಿ ಎಂದು. ಆಯಿ ನಮ್ಮ ಮನೆಯ ಓಲೆಯನ್ನು ನಿಮಗೆ ಕೊಟ್ಟಳು. “ಕುಲ ಗೋತ್ರ ಗೊತ್ತಿಲ್ಲದಾಕಿಗೆ ಮನಿತನದ ಓಲಿ ಕೊಡ್ತಿಯೇನವ್ವಾ?” ಎಂದು ಚಿಕ್ಕಪ್ಪ ಕೂಗಾಡಿದ. ಆಯಿ ಅಂದದ್ದು ಇಷ್ಟೇ: “ಅದೀರೇನು ಅಂತ ಕೇಳ್ಯಾಳಪ್ಪಾ ಆಕಿ. ಕರದವ್ರಿಗೆ ಓ ಅನ್ನಬೇಕೋ ಬ್ಯಾಡೋ?”

ಬುಟ್ಟಿಯಲ್ಲಿ ಏನಿದೆ ಎಂದು ಕೇಳಿಬಿಡೋಣವೆಂದು ನಾನು ಕೂತೆ. ಆಯಿ ತಡೆದಳು. ಅದು ನೀವು ತೆರೆಯಬೇಕಾದ ಬುಟ್ಟಿಯಂತೆ, ಇಷ್ಟವಾದಾಗ ತೆರೆಯಬೇಕಂತೆ. ಮುಗಿಸಲೇಬೇಕೆಂಬ ಒತ್ತಾಯವೂ ಇಲ್ಲ; ನಿಮಗೂ ಹೊಟ್ಟೆಪಾಡಿದೆ, ಒಬ್ಬರೇ ಎಷ್ಟೆಂದು ಎಳೆದೀರಿ. ಅವಳ ಚಿಂತೆ ಬೇರೆಯೇ. ಇಷ್ಟು ವರ್ಷ ಆ ಮೂಕಪ್ರಾಣಿ ಗಾಡಿಗೆ ಕಟ್ಟಿಸಿಕೊಂಡು ನಿಂತಿದೆಯಲ್ಲ ಎಂಬುದು. ಆದ್ದರಿಂದ ಅವಳ ಕೋರಿಕೆ ಒಂದೇ. ಆಟವನ್ನು ಕೈಬಿಡುವುದಾದರೆ, ಬಿಡುವ ಮುನ್ನ ಮೋತಿಯನ್ನು ಟಾಂಗಾದಿಂದ ಬಿಚ್ಚಿ, ಮುಂದೆ ಒಂದು ಹಿಡಿ ಹುಲ್ಲು ಹಾಕಿ. ನೀವು ಅಲ್ಲಿ ಬದಲಿಸಿದರೆ ನಮ್ಮ ಪ್ರತಿಯಲ್ಲೂ ಬದಲಾಗಿರುತ್ತದೆ ಎಂದು ಬಲ್ಲವರು ಹೇಳುತ್ತಾರೆ.

ನಾಳೆ ಬೆಳಿಗ್ಗೆ ಆಯಿಯ ಪಕ್ಕದಲ್ಲಿ ಕೂತು ಆಟ ತೆರೆಯುತ್ತೇನೆ. ಮೋತಿ ಹುಲ್ಲು ಮೇಯುತ್ತಿದ್ದರೆ ಓಲೆ ಮುಟ್ಟಿತೆಂದು ನಿಮಗೆ ಕೈಮುಗಿಯುತ್ತೇವೆ. ಹಾಗೇ ಕಟ್ಟಿಸಿಕೊಂಡು ನಿಂತಿದ್ದರೆ ಏನೆಂದು ತಿಳಿಯಲಿ ಎಂದು ಆಯಿಯನ್ನೇ ಕೇಳಿದೆ. ನನಗೆ ಅಳು ಬಂದಿತ್ತು, ಅವಳಿಗೆ ಬಂದಿರಲಿಲ್ಲ.

“ಕಟ್ಟೇ ಇದ್ರ, ಇನ್ನೂ ಮಾಡಾಕತ್ತಾಳ ಅಂತ ತಿಳ್ಕೊ,” ಎಂದಳು. “ಇನ್ನೊಂದೀಟು ಕಾಯೂಣು.”

ನಿಮ್ಮ ತಂಗಿ,
ಮಂಜರಿ