ಮಾರ್ಚ್ ಹದಿನೇಳರ ಸಾಲು

ಜ್ವೊಲೆ,
ಅಕ್ಟೋಬರ್ ೯, ೧೯೯೪

ಪ್ರೀತಿಯ ಫೆಮ್ಮಿ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರ ಕಾಗದ ಎಂದು ನಿನಗೆ ಗೊತ್ತಾಗಿರುತ್ತದೆ. ಒಲೆಗೆ ಹಾಕದೆ ಒಡೆದು ಓದುತ್ತಿದ್ದೀಯಲ್ಲ, ಸದ್ಯ ಅಷ್ಟು ಸಾಕು. ಹನ್ನೊಂದು ತಿಂಗಳು ತಡ ಮಾಡಿದ್ದೇನೆ. ಮೊಣಕಾಲು ನೋವಿನ ನೆಪ ಹೇಳಬಹುದಿತ್ತು. ಆದರೆ ಕಾಗದವನ್ನು ಯಾರೂ ಮೊಣಕಾಲಿನಿಂದ ಬರೆಯುವುದಿಲ್ಲ. ನಿನ್ನ ಸೊಂಟ ಹೇಗಿದೆ? ನಿನ್ನ ಬೆಕ್ಕು ಇನ್ನೂ ಇದೆಯಾ?

ಮೊದಲು ಆ ವಿಷಯ ಹೇಳಿ ಮುಗಿಸುತ್ತೇನೆ. ಕಳೆದ ನವೆಂಬರ್‌ನಲ್ಲಿ ನೀನು ಕಾಫಿಗೆ ಬಂದವಳು ಶೌಚಾಲಯಕ್ಕೆ ಹೋಗಿ, ಹೊರಗೆ ಬಂದವಳೇ ಕೋಟು ಹಾಕಿಕೊಂಡು ಹೊರಟುಬಿಟ್ಟೆ. ಆಮೇಲೆ ನಾನೂ ಒಳಗೆ ಹೋಗಿ ನೋಡಿದೆ. ಎಲ್ಲರ ಮನೆಯಲ್ಲೂ ಇರುವಂತೆ ಅಲ್ಲಿಯ ಗೋಡೆಗೆ ನೇತುಹಾಕಿದ್ದ, ಬಂಧು ಗೆಳೆಯರ ಹೆಸರು ಬರೆದಿಡುವ ಹುಟ್ಟುಹಬ್ಬದ ಕ್ಯಾಲೆಂಡರಿನ ಹಾಳೆ ನವೆಂಬರ್ ಬಿಟ್ಟು ಮಾರ್ಚ್‌ಗೆ ತಿರುಗಿತ್ತು. ನಿನ್ನದೇನೂ ತಪ್ಪಲ್ಲ, ಯಾರ ಮನೆಗೆ ಹೋದರೂ ಅಲ್ಲಿ ಕೂತು ನನ್ನ ಹೆಸರನ್ನು ಹುಡುಕುವವಳೇ ನಾನೂ. ಕ್ಯಾಲೆಂಡರ್ ಹೊಸದು. ಹಳೆಯದರಿಂದ ಎಲ್ಲರ ಹೆಸರನ್ನೂ ಇಳಿಸಿಕೊಂಡಿದ್ದೆ, ನಮ್ಮ ಹಲ್ಲಿನ ಡಾಕ್ಟರದ್ದು ಕೂಡ. ನಿನ್ನದೊಂದೇ ಇರಲಿಲ್ಲ. ಫೋನಿನಲ್ಲಿ "ಮರೆತುಹೋಯ್ತು ಕಣೇ" ಅಂದೆ. "ಮೂವತ್ತು ವರ್ಷ ಆದ್ಮೇಲಾ?" ಎಂದು ನೀನು ಫೋನ್ ಇಟ್ಟುಬಿಟ್ಟೆ. ಮಾರ್ಚ್ ಹದಿನೇಳಕ್ಕೆ, ನಿನ್ನ ಹುಟ್ಟುಹಬ್ಬಕ್ಕೆ, ಕಾರ್ಡ್ ಕಳಿಸಿದೆ, ಅದಕ್ಕೂ ಉತ್ತರವಿಲ್ಲ.

ಮೊನ್ನೆ ಶುಕ್ರವಾರ ನಮ್ಮ ಗೆಳತಿಯರ ವರ್ಷದ ತಿರುಗಾಟ ಇತ್ತು, ನೀನಿಲ್ಲದೆ ತೂಸ್, ರೂಲಿ, ನಾನು ಮೂವರೇ. ಈ ಸಲ ಡೆವೆಂಟರ್ ಊರಿಗೆ. ರೈಲಿನಲ್ಲಿ ಎದುರುಬದುರು ನಾಲ್ಕು ಸೀಟು ಹಿಡಿದೆವು, ಅಭ್ಯಾಸ. ನಾಲ್ಕನೆಯದರ ಮೇಲೆ ತೂಸ್ ತನ್ನ ಕೈಚೀಲ ಇಟ್ಟಳು. ರೂಲಿ ಅದನ್ನು ಎತ್ತಿ ಕೆಳಗಿಟ್ಟಳು. ತೂಸ್ ಮತ್ತೆ ಮೇಲಿಟ್ಟಳು. "ಖಾಲಿ ಇದ್ರೆ ನೋಡೋಕಾಗಲ್ಲ ಮಾರಾಯ್ತಿ" ಅಂದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ನಾವು ಬೆಡ್‌ಶೀಟು ಮಡಿಸುತ್ತಿದ್ದುದು ನೆನಪಾಯಿತು. ನಾಲ್ವರಿದ್ದರೆ ಎರಡು ಜೋಡಿ. ನಿನಗೆ ಜ್ವರ ಬಂದ ದಿನ ನಾನೊಬ್ಬಳೇ ಗದ್ದದಡಿ ಬಟ್ಟೆ ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದೆ.

ನೀನಿಲ್ಲದೆ ಪ್ರವಾಸದ ಕೈಪಿಡಿ ಓದುವವರಿಲ್ಲ. ಹಾಗಾಗಿ ದೊಡ್ಡ ಚೌಕಕ್ಕೆ ಹೋಗಬೇಕಾದವರು ಮೂರು ಸಲ ಅದೇ ಮೀನಿನಂಗಡಿಯ ಮುಂದೆ ಬಂದು ನಿಂತೆವು. ಮೂರನೆಯ ಸಲ ಅಂಗಡಿಯವನು, "ಅಮ್ಮಾ, ಮೀನು ಬೇಕಾ, ದಾರಿ ಬೇಕಾ?" ಅಂದ. "ಎರಡೂ ಬೇಕಪ್ಪಾ" ಎಂದು ರೂಲಿ ಹಸಿ ಹೆರಿಂಗ್ ಮೀನು ಕೊಂಡು ಅಲ್ಲೇ ಬಾಲ ಹಿಡಿದು ಬಾಯಿಗೆ ಇಳಿಸಿದಳು. ತೂಸ್ ಮುಖ ತಿರುಗಿಸಿಕೊಂಡಳು. ಅವಳದ್ದು ಎಂದಿನಂತೆ ಮನೆಯ ಬ್ರೆಡ್ಡು, ಚೀಸು, ಫ್ಲಾಸ್ಕಿನ ಕಾಫಿ. ಡಬ್ಬಿ ತೆಗೆದು ತಲೆಗೊಂದು ಬಿಸ್ಕತ್ತು ಕೊಟ್ಟು ಟಪ್ಪೆಂದು ಮುಚ್ಚಿದಳು.

ಹಿಂದೆ ಸಂತೆಯ ಸರಕು ತೂಗುತ್ತಿದ್ದ ಹಳೆಯ ತೂಕದ ಮನೆಯ ಗೋಡೆಗೆ ತಾಮ್ರದ ದೊಡ್ಡ ಕೊಪ್ಪರಿಗೆ ನೇತುಹಾಕಿದ್ದಾರಲ್ಲ, ಖೋಟಾ ನಾಣ್ಯ ಮಾಡಿದವನನ್ನು ಅದರಲ್ಲಿ ಬೇಯಿಸಿದ್ದರಂತೆ. ತೂಸ್ ಅದನ್ನೂ ನನ್ನನ್ನೂ ಒಮ್ಮೆ ನೋಡಿ, "ಗೆಳತಿ ಹೆಸರು ಬಿಟ್ಟವಳನ್ನೂ ಇದರಲ್ಲೇ ಹಾಕ್ಬೇಕಿತ್ತು" ಅಂದಳು.

"ತೂತು ಬಿದ್ದಿದೆ, ನೀರು ನಿಲ್ಲಲ್ಲ" ಅಂದೆ.

"ನಗಬೇಡ. ಅವಳನ್ನ ಯಾವಾಗ ಕರೀತೀಯ?"

ನಗು ಬರಲಿಲ್ಲ ಫೆಮ್ಮಿ. ನನಗೆ ಬೇಜಾರಾಗಿತ್ತು, ಅವಳ ಮೇಲಲ್ಲ.

ಮಧ್ಯಾಹ್ನ ಗುಡ್ಡದ ಇಗರ್ಜಿಯ ಕೆಳಗಿನ ಓಣಿಗಳಲ್ಲಿ ಸುಮ್ಮನೆ ಅಡ್ಡಾಡಿದೆವು. ಕಾಲು ನೋಯುವ ಕಲ್ಲುಹಾಸು, ಕಿಟಕಿಗಳಲ್ಲಿ ಜೆರೇನಿಯಂ, ಪರದೆ ಇಲ್ಲದ ಮನೆಗಳ ಒಳಗೆಲ್ಲ ಇಣುಕಿ ನೋಡಿದ್ದಾಯಿತು. ಒಂದು ಕಾಗದದಂಗಡಿಯಲ್ಲಿ ಹುಟ್ಟುಹಬ್ಬದ ಕ್ಯಾಲೆಂಡರುಗಳಿದ್ದವು. ಹಳೆಯ ಬಾಗಿಲುಗಳ ಚಿತ್ರ ಇದ್ದದ್ದನ್ನು ರೂಲಿ ತೆಗೆದು ನನ್ನ ಕೈಗಿಟ್ಟಳು. "ಇದನ್ನ ತಗೋ. ಮೊದಲು ಅವಳ ಹೆಸರು ಬರಿ, ಆಮೇಲೆ ಮಿಕ್ಕವರದ್ದು." ಮಾರ್ಚ್ ಹಾಳೆ ತೆಗೆದೆ. ಹಸಿರು ಬಾಗಿಲು, ಪಕ್ಕದಲ್ಲಿ ಮೂವತ್ತೊಂದು ಸಾಲು. ಹದಿನೇಳರ ಮೇಲೆ ಬೆರಳಿಟ್ಟು ಮುಚ್ಚಿಬಿಟ್ಟೆ. ಆದರೂ ಕೊಂಡೆ.

ಸಂಜೆ ಪುಟ್ಟ ದೋಣಿಯಲ್ಲಿ ಐಸೆಲ್ ನದಿ ದಾಟಿ ಆಚೆ ದಡದ ಬೆಂಚಿನಲ್ಲಿ ಕೂತೆವು. ಊರು ಪೂರ್ತಿ ಎದುರಿಗಿತ್ತು. ರೂಲಿ ಶೂ ಬಿಚ್ಚಿ ಕಾಲು ಒತ್ತಿಕೊಳ್ಳುತ್ತಿದ್ದಳು. ತೂಸ್ ನನ್ನ ಕಡೆ ತಿರುಗಿ ಮೆಲ್ಲಗೆ, "ನಿಜ ಹೇಳು ಆಲೀಡಾ. ಅಂಗಡಿ ಬೆಕ್ಕಿನ ಹುಟ್ಟುಹಬ್ಬಾನೂ ನೆನಪಿಟ್ಕೊಳ್ಳೋಳು ನೀನು. ನಿಜವಾಗ್ಲೂ ಮರೆತೆಯಾ?" ಎಂದು ಕೇಳಿದಳು.

"ದೋಣಿ ಬಂತು, ಏಳಿ" ಅಂದೆ. ದೋಣಿ ಇನ್ನೂ ಊರಿನ ದಡದಲ್ಲೇ ಇತ್ತು. ಅವಳು ಡಬ್ಬಿ ತೆಗೆದು ನನಗೆ ಎರಡನೆಯ ಬಿಸ್ಕತ್ತು ಕೊಟ್ಟಳು. ತೂಸ್! ಎರಡನೆಯದು! ಆಗಲೇ ನಿನಗೆ ಬರೆಯಬೇಕೆಂದು ನಿಶ್ಚಯಿಸಿದೆ.

ನವೆಂಬರ್ ಹನ್ನೆರಡು, ಶನಿವಾರ, ಹತ್ತೂವರೆಗೆ ಕಾಫಿಗೆ ಬಾ. ಅವರಿಬ್ಬರಿಗೂ ಹೇಳಿದ್ದೇನೆ. ಡೆವೆಂಟರಿನ ಜೇನು ಕೇಕು ತಂದಿಟ್ಟಿದ್ದೇನೆ, ನಿನಗೆ ಬೇಕಾದಂತೆ ಬೆಣ್ಣೆ ದಪ್ಪಗೆ ಹಚ್ಚಿ ಕೊಡುತ್ತೇನೆ. ಬರದಿದ್ದರೂ ನಿನ್ನ ಸೊಂಟ ವಾಸಿಯಾಗಲಿ, ಬೆಕ್ಕು ನಿನ್ನ ಜೊತೆ ಬಹಳ ಕಾಲ ಬಾಳಲಿ, ಈ ಚಳಿಗಾಲ ನಿನಗೆ ಬೆಚ್ಚಗಿರಲಿ.

ನಿನ್ನ,
ಆಲೀಡಾ

ಮರೆತ ಮಾತು: ಮರೆತದ್ದೇನೂ ಅಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಾನು ನಿನ್ನ ಹೆಸರನ್ನು ಮರೆತಿರಲಿಲ್ಲ ಫೆಮ್ಮಿ. ೧೯೫೮ರ ಮಾರ್ಚ್ ಹದಿನೇಳರಂದು, ನಿನ್ನ ಪರಿಚಯವಾಗುವ ಎಷ್ಟೋ ಮೊದಲು, ನನಗೊಂದು ಹೆಣ್ಣು ಮಗು ಹುಟ್ಟಿತು. ಅದು ಉಸಿರಾಡಲಿಲ್ಲ. ಸೂಲಗಿತ್ತಿ ಟವೆಲಿನಲ್ಲಿ ಸುತ್ತಿ ಒಯ್ದುಬಿಟ್ಟಳು, ನನಗೆ ಮುಖ ತೋರಿಸಲಿಲ್ಲ. ಆಗೆಲ್ಲ ಹಾಗೇ. ಅಪ್ಪನಾದ ಹಾರ್ಮೇ ಅದನ್ನು ಎಲ್ಲೋ ಹೂಳಿ ಬಂದ. ಎಲ್ಲಿ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹಳೆಯ ಕ್ಯಾಲೆಂಡರಿನಲ್ಲಿ ನಿನ್ನ ಹೆಸರು ಬರೆದವನು ಅವನೇ, ಆ ಸಾಲಿನ ಮೇಲೆ ನನ್ನ ಕೈ ಓಡದೆಂದು ಅವನಿಗೆ ಗೊತ್ತಿತ್ತು. ಹೋದ ವರ್ಷ ಅವನು ತೀರಿಕೊಂಡ ಮೇಲೆ ಹೊಸದನ್ನು ನಾನೇ ಬರೆಯಬೇಕಾಯಿತು. ಹದಿನಾರರವರೆಗೆ ಬರೆದೆ. ಒಂದು ಕಪ್ ಕಾಫಿ ಕುಡಿದು ಬರುತ್ತೇನೆ ಎಂದು ಎದ್ದೆ, ಬಂದು ಹದಿನೆಂಟರಿಂದ ಮುಂದುವರಿಸಿದೆ. ವರ್ಷ ವರ್ಷವೂ ಆ ದಿನ ನಿನ್ನ ಮನೆಯಲ್ಲಿ ಎಲ್ಲರ ನಡುವೆ ಕುರ್ಚಿ ಹಾಕಿ ಕೂತು, ನಮ್ಮ ಪದ್ಧತಿಯಂತೆ ನಿನ್ನ ಅತ್ತಿಗೆಗೂ ಪಕ್ಕದ ಮನೆಯವನಿಗೂ ಶುಭಾಶಯ ಹೇಳಿ, ಕೇಕು ತಿಂದು ಬರುತ್ತಿದ್ದೆನಲ್ಲ, ಅದಿಲ್ಲದಿದ್ದರೆ ಆ ದಿನ ನನ್ನಿಂದ ಕಳೆಯಲಾಗುತ್ತಿರಲಿಲ್ಲ. ಈ ವರ್ಷ ನೀನು ಕರೆಯಲಿಲ್ಲ. ಮನೆಯಲ್ಲೇ ಇದ್ದೆ.

ಇವತ್ತು ಬೆಳಿಗ್ಗೆ ಹಸಿರು ಬಾಗಿಲಿನ ಹಾಳೆಯಲ್ಲಿ ಮೊದಲು ನಿನ್ನ ಹೆಸರು ಬರೆದೆ. ಅದೇ ಸಾಲಿನಲ್ಲಿ, ಪಕ್ಕಕ್ಕೆ, ಗೇಸಿನಾ ಎಂದು ಬರೆದೆ. ಅವಳಿಗೆ ಇಡಬೇಕೆಂದುಕೊಂಡಿದ್ದ ಹೆಸರು. ಮೂವತ್ತಾರು ವರ್ಷದಲ್ಲಿ ಅದನ್ನು ಎಲ್ಲಿಯೂ ಬರೆದಿರಲಿಲ್ಲ. ಜಾಗ ಸ್ವಲ್ಪ ಇಕ್ಕಟ್ಟಾಗಿದೆ, ನಿನಗೆ ಬೇಜಾರಿಲ್ಲ ತಾನೆ? ಬಂದವಳು ಕೋಟು ಬಿಚ್ಚುವ ಮೊದಲೇ ಒಳಗೆ ಹೋಗಿ ನೋಡಿಬಿಡು. ನಾನು ಕಾಫಿಗೆ ನೀರಿಟ್ಟಿರುತ್ತೇನೆ.