ಪುಕ್ಕಟೆ ಪಾಠ

ಇಂಗ್ಲಿಷ್ ಮೇಡಂ ಅವರಿಗೆ,

ನೀವು ಹೋದ ವರ್ಷ ಉಳಿದುಕೊಂಡಿದ್ದ ಮನೆಯ ಕಿರಿಯವಳು ನಾನು. ನಿಮ್ಮೆದುರು ಬಾಯಿ ಬಿಟ್ಟವಳಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ವರ್ಷವೂ ನಮ್ಮೂರಿನ ಮಕ್ಕಳಿಗೆ ಕಲಿಸಲು ಬರುತ್ತೀರಂತೆ. ಬರಬೇಡಿ.

ನಿಮಗಿಂತ ಮುಂಚೆ ಆ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದವಳು ನನ್ನ ಅಕ್ಕ. ನೀವು ಸಂಬಳವಿಲ್ಲದೆ ಕಲಿಸುತ್ತೀರೆಂದು ಗೊತ್ತಾದ ಕೂಡಲೇ ಹೆಡ್‌ಮಾಸ್ಟರು, "ನೀನು ಸ್ವಲ್ಪ ದಿನ ಮನೇಲಿರಮ್ಮ, ಮೇಡಂ ಊಟ ತಿಂಡಿ ನೋಡ್ಕೋ" ಅಂದರು. ನಿಮಗೆ ಸೊಳ್ಳೆಪರದೆ ಕಟ್ಟಿದವಳು, ನೀರು ಕಾಯಿಸಿಕೊಟ್ಟವಳು ಅವಳೇ. "ನಿಮ್ಮಕ್ಕನ ಕೈರುಚಿ ಎಷ್ಟು ಚೆನ್ನಾಗಿದೆ ಕಣೇ" ಅಂತ ನನ್ನ ಕೆನ್ನೆ ಚಿವುಟಿದಿರಿ. ಅವಳು ಏನು ಓದಿದ್ದಾಳೆ ಎಂದು ಒಂದು ದಿನವೂ ಕೇಳಲಿಲ್ಲ.

ಮಳೆ ಹಿಡಿದುಕೊಂಡಿತು, ನೀವು ಹೊರಟಿರಿ. ಮಕ್ಕಳು ಅಳುತ್ತಾ ದೋಣಿಯ ತನಕ ಬಂದರು. ನೀವು ಅವರ ಜೊತೆ ಫೋಟೊ ತೆಗೆಸಿಕೊಂಡಿರಿ. ಮಾರನೇ ದಿನ ಅಕ್ಕ ಶಾಲೆಗೆ ಹೋದರೆ ಹೆಡ್‌ಮಾಸ್ಟರು, "ಅವರು ಮತ್ತೆ ಬರ್ತಾರಲ್ಲ, ಸಂಬಳ ಕೊಟ್ಟು ನಿನ್ನನ್ಯಾಕೆ ಇಟ್ಕೊಳ್ಳೋದು?" ಅಂದುಬಿಟ್ಟರು. ಅಂದಿನಿಂದ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಮಕ್ಕಳು ಅಂಗಳ ಗುಡಿಸುತ್ತಾರೆ. ಬೇರೆ ಯಾರನ್ನೂ ಹಾಕಲಿಲ್ಲ, ನಿಮ್ಮ ದಾರಿ ಕಾಯುತ್ತಿದ್ದಾರೆ.

ಇನ್ನು ಯಾವತ್ತೂ ಬರುವುದಿಲ್ಲವೆಂದು ಹೆಡ್‌ಮಾಸ್ಟರಿಗೆ ನೀವೇ ಬರೆಯಿರಿ. ಕೆಲಸವಿದೆ, ಮೈ ಹುಷಾರಿಲ್ಲ, ಏನಾದರೂ ನೆಪ ಹೇಳಿ. ನಾನು ಬರೆದೆನೆಂದು ಯಾರಿಗೂ ತಿಳಿಸಬೇಡಿ, ಅಕ್ಕ ಬೈಯುತ್ತಾಳೆ. ಅವಳಿಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟಿರುವುದು ನನಗೆ. ಅವಳು ಆಗಲೇ ನಿಮ್ಮ ಕೋಣೆಗೆ ಸುಣ್ಣ ಬಳಿಯುತ್ತಿದ್ದಾಳೆ. ಅದು ಒಣಗುವುದರೊಳಗೆ ನಿಮ್ಮ ಕಾಗದ ಬರಲಿ.

ಇಂತಿ,
ಟೀಚರ್ ತಂಗಿ