ಎರಡನೆಯ ದನಿ

ನವೆಂಬರ್ 3, 1915. ಬುಧವಾರ, ಸಂಜೆ

ಮತ್ತೆ ಜಾರಿದೆ. ಅದೇ ಮೂರನೆಯ ಸಾಲಿನಲ್ಲಿ. ನಂಜಿಯ ದನಿ ಮೇಲೇರಿತು, ನನ್ನದು ನನಗೇ ಗೊತ್ತಿಲ್ಲದೆ ಅವಳ ಹಿಂದೆ ಹೊರಟಿತು. ಎಲ್ಸಾ ಅಮ್ಮ ಹಾರ್ಮೋನಿಯಂ ನಿಲ್ಲಿಸಿದರು.

“ಪಾಪಾತಿ, ನೀನು ಮಂದೆಗೆ ಓಡುವ ಕರುವಾಗಿರುವೆ.”

ಅಮ್ಮ ಜರ್ಮನಿಯಿಂದ ಬಂದು ಹದಿನೈದು ವರ್ಷವಾಯಿತು. ಅವರ ಕನ್ನಡ ಇನ್ನೂ ವ್ಯಾಕರಣದ ಪುಸ್ತಕ ಬಿಟ್ಟು ಹೊರಗೆ ಬಂದಿಲ್ಲ.

ಈ ಹಾಡು ಮುನ್ನೂರು ವರ್ಷ ಹಳೆಯ ಪ್ರಾರ್ಥನೆಯಂತೆ, ಅವರ ಸೀಮೆಯದು. ಪದ ಮಾತ್ರ ಕನ್ನಡಕ್ಕೆ ಮಾಡಿದ್ದಾರೆ. ನಾಲ್ಕು ದನಿ, ನಾಲ್ಕು ದಾರಿ, ಒಂದೇ ಹೊತ್ತಿಗೆ. ಮೊದಲನೆಯದು ನಂಜಿ, ಹದಿನೇಳರ ಹುಡುಗಿ, ಶಾಲೆಯಲ್ಲಿ ನನ್ನ ಕೈಯಲ್ಲೇ ಅಕ್ಷರ ಕಲಿತವಳು — ರಾಗವೆಲ್ಲ ಅವಳ ಪಾಲು. ಎರಡನೆಯದು ನಾನು. ಮೂರನೆಯದು ಶಾಲೆಯ ಬಡಗಿ ಭೋಜನ್ ಅಣ್ಣ. ತಳದಲ್ಲಿ ಮಹಾಲಿಂಗಂ ಮಾಮ, ನಮ್ಮ ಸಭೆಯ ಉಪದೇಶಿ. ನನ್ನ ಸಾಲಿನಲ್ಲಿ ರಾಗವೇ ಇಲ್ಲ. ಒಂದು ಮೆಟ್ಟಿಲು ಮೇಲೆ, ಒಂದು ಕೆಳಗೆ, ಮತ್ತೆ ಅಲ್ಲೇ. ಇದನ್ನು ಯಾರು ಕೇಳುತ್ತಾರೆ? ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ.

21ಕ್ಕೆ ಭಾನುವಾರ, ದೇವಾಲಯದಲ್ಲಿ ಹಾಡಬೇಕು. ಯುದ್ಧ ಶುರುವಾದ ಮೇಲೆ ಅಮ್ಮನ ಗಂಡ ಪಾದ್ರಿ ಅಯ್ಯನವರನ್ನು ಸರ್ಕಾರದವರು ಶತ್ರುದೇಶದವರೆಂದು ಸೆರೆಶಿಬಿರಕ್ಕೆ ಕರೆದೊಯ್ದರು. ಈಗ ಜರ್ಮನ್ ಹೆಂಗಸರನ್ನೂ ಹಡಗು ಹತ್ತಿಸುತ್ತಾರಂತೆ. ಹೋಗುವ ಮೊದಲು ಒಂದೇ ಒಂದು ಸಲ ಇದನ್ನು ನಮ್ಮ ಬಾಯಲ್ಲಿ ಪೂರ್ತಿ ಕೇಳಬೇಕೆಂದು ಅಮ್ಮನ ಆಸೆ. ಅದು ನನ್ನಿಂದ ಕೆಟ್ಟರೆ...

ನವೆಂಬರ್ 5. ಶುಕ್ರವಾರ

ಹೊಸ ತೊಡಕು. ಹಾಡನ್ನು ನಂಜಿ ಎತ್ತುತ್ತಾಳೆ, ಹಿಂದೆ ನಾನು, ಆಮೇಲೆ ಭೋಜನ್ ಅಣ್ಣ, ಕೊನೆಗೆ ಮಾಮ. ಮಾಮ ಬಂದ ಕೂಡಲೇ ಹಾಡು ಬತ್ತಿಹೋಗುತ್ತದೆ.

“ಮಹಾಲಿಂಗಂ ಬಂದೊಡನೆ ನೀವು ಮೂವರೂ ಏಕೆ ಸಾಯುತ್ತೀರಿ?” ಅಮ್ಮ ಕೇಳಿದರು.

ಇನ್ನೊಮ್ಮೆ ಹಾಡಿಸಿ, ನಮ್ಮನ್ನೇ ನೋಡುತ್ತಾ ಕುಳಿತರು. ಮಾಮ ಬಾಯಿ ತೆರೆದರು — ಮೂರು ತಲೆ ತಗ್ಗಿದವು, ಮೂರು ದನಿ ಇಳಿದವು! ಹಿರಿಯರು ಮಾತೆತ್ತಿದರೆ ಕಿರಿಯರು ಸುಮ್ಮನಾಗಬೇಕು. ನಮ್ಮ ಬೆಟ್ಟದ ಹಟ್ಟಿಯಲ್ಲಿ ಹಾಲಿನ ಜೊತೆ ಕುಡಿದದ್ದು. ಜ್ಞಾನಸ್ನಾನವಾಗಿ ಹನ್ನೆರಡು ವರ್ಷವಾದರೂ ಹೋಗಿಲ್ಲ.

“ಮಾಮ ಹಾಡೊತ್ತು ನಾ ಎಂತ ಕೂಗಲಿ, ಅಮ್ಮ?” ಅಂದ ಭೋಜನ್ ಅಣ್ಣ, ನೆಲ ನೋಡುತ್ತ.

ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಪುಸ್ತಕ ಮುಚ್ಚಿ, “ಆಗದಿದ್ದರೆ ಎಲ್ಲರೂ ಒಂದೇ ರಾಗದ ಕೀರ್ತನೆ ಹಾಡೋಣ” ಎಂದರು. ದನಿ ತೀರಾ ಸಣ್ಣದಾಗಿತ್ತು. ನನಗೆ ಸಂಕಟವಾಯಿತು.

ನವೆಂಬರ್ 9. ಮಂಗಳವಾರ

ಮದ್ದು ಮಾಮನೇ ಕಂಡುಹಿಡಿದರು. ಹಾಡಿಗೆ ಮೊದಲೇ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ತಲೆ ಬಾಗಿಸಿದೆವು. ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು ಹಟ್ಟಿಯ ರೀತಿಯಲ್ಲೇ ಹರಸಿದರು.

“ಒಂದು ಸಾವಿರ ಆಗಲಿ. ಮರಿಯಾದೆ ಇಲ್ಲಿಗ ಮುಗಿತು, ಕೂಸುಗಳೇ. ಇನ್ನು ಹಾಡುವಾಗ ನಾ ಹಿರಿಯ ಅಲ್ಲ. ನಾಲ್ಕನೇ ದನಿ, ಅಷ್ಟೇ.”

ತಲೆ ತಗ್ಗಲಿಲ್ಲ. ಮೊದಲ ಸಲ ಕೊನೆ ಮುಟ್ಟಿದೆವು. ನಾನಂತೂ ಇನ್ನೂ ನಂಜಿಯ ಮಗ್ಗುಲಲ್ಲೇ ನಿಂತು, ಅವಳ ದನಿಗೆ ಒರಗಿಕೊಂಡೇ ಹಾಡುವುದು. ಅವಳು ಒಂದು ಮಾರು ದೂರ ಸರಿದರೆ ನನ್ನ ಕಥೆ ಮುಗಿಯಿತು.

ಮನೆಗೆ ಬರುವಾಗ ಮಂಜು. ಆಲೂಗಡ್ಡೆ ಹೊಲ ಇಲ್ಲ, ದಾರಿ ಇಲ್ಲ, ನನ್ನ ಕಾಲೂ ಕಾಣುತ್ತಿಲ್ಲ. ಹಾಡು ಮಾತ್ರ ಸುತ್ತ ಇತ್ತು. ನಾನು ಹಾಡುತ್ತಿದ್ದೆನೋ, ಸುಮ್ಮನೆ ನಡೆಯುತ್ತಿದ್ದೆನೋ... ಮನೆ ದಾಟಿ ಎಷ್ಟೋ ದೂರ ಹೋಗಿಬಿಟ್ಟಿದ್ದೆ. ಅವ್ವೆ ಬೈದಳು. ಬೈಗುಳವೂ ಎಲ್ಲೋ ಮೆತ್ತಗೆ ಕೇಳಿತು.

ನವೆಂಬರ್ 18. ಗುರುವಾರ

ಅಮ್ಮನನ್ನು ಇವತ್ತು ಊಟಿಗೆ ಕರೆದೊಯ್ದರು. ಒಂದು ಪೆಟ್ಟಿಗೆ, ಒಂದು ಕಂಬಳಿ. ಶನಿವಾರದ ರೈಲಿಗೆ ಬೆಟ್ಟದ ಕೆಳಗಿಳಿಸುತ್ತಾರೆ. ಭಾನುವಾರವೇ ಇಲ್ಲದಂತಾಯಿತು. ಹಾರ್ಮೋನಿಯಂ ಮೇಲೆ ಬಟ್ಟೆ ಹೊದಿಸಿ ಅತ್ತೆವು.

“ರೈಲು ನಮ್ಮ ಕೇತಿ ಸ್ಟೇಷನಿಲಿ ಒಂದು ಗಳಿಗೆ ನಿಲ್ಲೋದಲ್ಲವ? ಅಲ್ಲಿ ಹಾಡೋಣ” ಅಂದರು ಮಾಮ.

ನವೆಂಬರ್ 20. ಶನಿವಾರ, ಸಂಜೆ

ಆದದ್ದು ಆದಹಾಗೆ ಬರೆಯುತ್ತೇನೆ.

ಪ್ಲಾಟ್‌ಫಾರಂ ಮೇಲೆ ಪೊಲೀಸ್. “ನಾಲು ಪೇರು ಸೇಂದು ನಿಕ್ಕಕೂಡಾದು” — ನಾಲ್ವರು ಕೂಡಿ ನಿಲ್ಲುವಂತಿಲ್ಲವಂತೆ. ಯುದ್ಧಕಾಲ. ಮಾಮ ವಾದಿಸಲಿಲ್ಲ. “ಸರಿ, ಕೂಡಿ ನಿಲ್ಲೋದಿಲ್ಲ” ಅಂದರು. ನಂಜಿಯನ್ನು ಆ ತುದಿಗೆ ಕಳಿಸಿದರು. ಭೋಜನ್ ಅಣ್ಣ ಈ ತುದಿಗೆ. ಮಾಮ ಗೇಟಿನಾಚೆ. ನಡುವೆ, ದೀಪದ ಕಂಬದ ಕೆಳಗೆ, ನಾನು. ಒಬ್ಬಳೇ.

ಮಂಜಿನೊಳಗಿಂದ ರೈಲು ಬಂತು. ಎಂಜಿನ್ ನಂಜಿಯ ಎದುರಿಗೇ ನಿಂತು ಹಬೆ ಬಿಟ್ಟಿತು. ಅವಳ ಬಾಯಿ ತೆರೆದದ್ದು ಕಂಡಿತು, ಆಮೇಲೆ ಬರೀ ಬಿಳುಪು. ಯಾರ ದನಿಯೂ ಕೇಳಲಿಲ್ಲ. ಎಲ್ಸಾ ಅಮ್ಮನ ಕಿಟಕಿ ನನ್ನ ಮುಂದೆ, ಎರಡೇ ಮಾರು ದೂರದಲ್ಲಿ.

ಓಡಿಹೋಗಬೇಕು ಅನ್ನಿಸಿತು. ನನ್ನ ಸರದಿಯವರೆಗೆ ತಾಳ ಎಣಿಸಿದೆ. ದನಿ ಎತ್ತಿದೆ.

ಒಂದು ಮೆಟ್ಟಿಲು ಮೇಲೆ, ಒಂದು ಕೆಳಗೆ. ಒರಗಲು ಯಾರೂ ಇಲ್ಲ. ಮೂರನೆಯ ಸಾಲು ಬಂತು — ನಿಂತೆ. ಜಾರಲಿಲ್ಲ. ಅಮ್ಮ ಕಿಟಕಿಯ ಕಟ್ಟೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರು. ತುಟಿ ಅಲುಗುತ್ತಿತ್ತು. ಉಳಿದ ಮೂರು ದನಿಗಳಲ್ಲಿ ಯಾವುದನ್ನು ಹಾಡಿಕೊಳ್ಳುತ್ತಿದ್ದರೋ ಕಾಣೆ. ಪೊಲೀಸಿನವನೂ ಬೇರೆ ಕಡೆ ತಿರುಗಿ ನಿಂತ.

ಇನ್ನೆರಡು ಸಾಲಿರುವಾಗ ರೈಲು ಹೊರಟಿತು. ಅವನ್ನೂ ಹಾಡಿದೆ, ಖಾಲಿ ಹಳಿಗೆ.

ನಂಜಿ ಏದುಸಿರು ಬಿಡುತ್ತಾ ಓಡಿ ಬಂದಳು. “ಅಕ್ಕ, ಅಮ್ಮಗ ನನ್ನ ದನಿ ಕೇಳಿತ?”

“ಕೇಳಿತು” ಅಂದೆ. ಅವಳ ಮುಖ ನೋಡಿ ಬೇರೆ ಹೇಳಲಾಗಲಿಲ್ಲ.

ನವೆಂಬರ್ 22. ಸೋಮವಾರ

ಶಾಲೆ. ಮೂರನೆಯ ತರಗತಿಯವರು ಹೊಸ ಹಾಡು ಬೇಕೆಂದರು. ಹೇಳಿಕೊಟ್ಟೆ — ಎರಡನೆಯ ದನಿ. ಇಪ್ಪತ್ತಾರು ಮಕ್ಕಳು, ಬಾಯಿತುಂಬ ಹಾಡಿದರು. ಚೆನ್ನಾಗಿದೆ ಟೀಚರಮ್ಮ, ಇನ್ನೊಂದ್ಸಲ ಅಂದರು. ಇದೇ ಇಡೀ ಹಾಡೆಂದು ನಂಬಿದ್ದಾರೆ. ಅಲ್ಲವೆಂದು ನಾನೂ ಹೇಳಲಿಲ್ಲ. ನಾಳೆ ನಂಜಿಯನ್ನು ಕರೆದು ಮೇಲಿನ ದನಿ ಕೂಡಿಸಬೇಕು, ಖಂಡಿತ ಕೂಡಿಸುತ್ತೇನೆ. ಇವತ್ತೊಂದು ದಿನ ಮಾತ್ರ —